ತಪ್ಪು ಮಾಡಿದವರು ದೇವರ ಮುಂದೆ ಕೂರುವುದು ಹೇಗೆ

ಅಪ್ಪನ ಆಸ್ಪತ್ರೆ ಫೈಲು ಈಗಲೂ ನಮ್ಮ ದೇವರ ಕೋಣೆಯ ಕಪಾಟಿನಲ್ಲಿದೆ. ನೀಲಿ ಬಣ್ಣದ್ದು, ಒಂದು ಮೂಲೆಯನ್ನು ಇಲಿ ಕಡಿದಿದೆ. ಒಳಗಿನ ಇಸಿಜಿ ಕಾಗದ ಪೂರ್ತಿ ಮಾಸಿ ಒಂದು ಗೆರೆಯೂ ಕಾಣುವುದಿಲ್ಲ. ಆದರೆ ಚೀಟಿಯಲ್ಲಿ ಬಾಲ್‌ಪೆನ್ನಿನಿಂದ ಬರೆದ ತಾರೀಕು ಮಾಸಿಲ್ಲ. 12-3-2020, ಗುರುವಾರ.

ಆ ಗುರುವಾರ ನಾನು ಅಪ್ಪನನ್ನು ಮಂಗಳೂರಿಗೆ ಹೃದಯದ ತಪಾಸಣೆಗೆ ಕರೆದುಕೊಂಡು ಹೋಗಬೇಕಿತ್ತು. ಹೋಗಲಿಲ್ಲ. ಅಂಗಳದಲ್ಲಿ ಅಡಿಕೆ ಒಣಗಿ ಕೂತಿತ್ತು. ಸುಲಿಯುವವರು ಅದೇ ದಿನ ಬರುತ್ತೇವೆ ಅಂದಿದ್ದರು. ಅವರನ್ನು ಬಿಟ್ಟರೆ ಮತ್ತೆ ಹದಿನೈದು ದಿನ ಸಿಗುವವರಲ್ಲ. "ಅಪ್ಪಾ, ಎರಡು ವಾರ ಕಳುದು ಹೋಪನಾ?" ಎಂದು ಕೇಳಿದೆ. ಅಪ್ಪ ಜಗಲಿಯಲ್ಲಿ ಕೂತು ವೀಳ್ಯದೆಲೆಯ ನಾರು ತೆಗೆಯುತ್ತಿದ್ದರು. ತಲೆ ಎತ್ತದೆ "ಅಕ್ಕು" ಅಂದರು. ನಮ್ಮ ಹವ್ಯಕ ಮಾತಿನಲ್ಲಿ ಅಕ್ಕು ಅಂದರೆ ಆಗಬಹುದು, ಅಡ್ಡಿಯಿಲ್ಲ.

ಹೊಸ ದಿನ 26ಕ್ಕೆ ಸಿಕ್ಕಿತು. 25ರಿಂದ ಇಡೀ ದೇಶಕ್ಕೇ ಲಾಕ್‌ಡೌನ್. ಕೇರಳ-ಕರ್ನಾಟಕ ಗಡಿಯ ತಲಪಾಡಿ ಬಂದ್ ಆಯಿತು, ಒಳದಾರಿಗಳಿಗೆ ಮಣ್ಣು ಬಿತ್ತು. ಕಾಸರಗೋಡಿನ ಈ ಭಾಗದ ನಮಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರೇ. ಏಪ್ರಿಲ್ 2ಕ್ಕೆ ರಾಮನವಮಿ. ರಾತ್ರಿ ಅಪ್ಪ ಅರ್ಧ ಲೋಟ ಪಾನಕ ಕುಡಿದು ಮಲಗಿದರು. ಮರುದಿನ ಬೆಳಕು ಹರಿಯುವ ಮುಂಚೆ ಹೋದರು.

ಇಷ್ಟನ್ನು ಯಾಕೆ ಹೇಳಿದೆ ಅಂದರೆ, ಕೆಳಗೆ ಬರೆಯುವುದು ಪುಸ್ತಕ ಓದಿ ಕಲಿತದ್ದಲ್ಲ. ಒಂದು ತಪ್ಪು ಮಾಡಿ, ಅದನ್ನು ಸರಿಪಡಿಸಲು ಎದುರಿನ ಜೀವವೇ ಇಲ್ಲದಾಗ, ನಂಬಿಕೆಯನ್ನು ಹಿಡಿದುಕೊಂಡು ದಿನ ಕಳೆಯುವುದು ಹೇಗೆ ಎಂದು ನನಗೆ ನಿಧಾನವಾಗಿ ಗೊತ್ತಾಯಿತು. ನಿಮ್ಮದೂ ಅಂಥದ್ದೇ ಒಂದು ಇದ್ದರೆ ಇದರಲ್ಲಿ ಯಾವುದಾದರೂ ಉಪಯೋಗಕ್ಕೆ ಬರಬಹುದು.

ಮೊದಲು ತಪ್ಪನ್ನು ಅದರ ಅಳತೆಗೆ ಸರಿಯಾಗಿ ಬರೆಯಿರಿ

ದೇವರ ಮುಂದೆ ಹೋಗುವ ಮುಂಚೆ ಮಾಡಬೇಕಾದ ಕೆಲಸ ಇದು. ಮೊದಮೊದಲು ನಾನು ದೀಪದ ಮುಂದೆ ಕೂತು "ನಾನು ಅಪ್ಪನನ್ನು ಕೊಂದೆ" ಅನ್ನುತ್ತಿದ್ದೆ. ಅದು ಸುಳ್ಳು. ಕೆಲವು ದಿನ "ಎಲ್ಲ ಹಣೆಬರಹ, ನನ್ನದೇನೂ ಇಲ್ಲ" ಅನ್ನುತ್ತಿದ್ದೆ. ಅದೂ ಸುಳ್ಳೇ. ಸುಳ್ಳು ಹೇಳುತ್ತಾ ಪ್ರಾರ್ಥನೆ ಮಾಡಿದರೆ ಒಳಗೆ ಏನೂ ಅಲುಗುವುದಿಲ್ಲ. ದಿನಕ್ಕೆ ಎರಡು ಗಂಟೆ ಜಪ ಮಾಡಿದರೂ ಎದ್ದಾಗ ಎದೆಯ ಭಾರ ಹಾಗೇ ಇರುತ್ತದೆ.

ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದೇ ಒಂದು ವಾಕ್ಯ ಬರೆಯಲು ಕೂತೆ. ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ. ನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ಉಳಿದದ್ದು ಇಷ್ಟು: ಅಡಿಕೆ ಸುಲಿಯುವ ಕೆಲಸಕ್ಕಾಗಿ ಅಪ್ಪನ ತಪಾಸಣೆಯನ್ನು ಎರಡು ವಾರ ಮುಂದೆ ಹಾಕಿದೆ, ಅವರಿಗೆ ಉಬ್ಬಸ ಇದ್ದದ್ದು ಗೊತ್ತಿದ್ದೂ ಹಾಕಿದೆ.

ಎರಡನೆಯ ಭಾಗ ಬರೆಯಲಿಕ್ಕೇ ಜಾಸ್ತಿ ಸಮಯ ಬೇಕಾಯಿತು. ಗೊತ್ತಿದ್ದೂ ಅನ್ನುವ ಒಂದು ಶಬ್ದವನ್ನು ನಾನು ಬಿಟ್ಟುಬಿಡುತ್ತಿದ್ದೆ.

ಆ ವಾಕ್ಯದಲ್ಲಿ ಗಡಿ ಇಲ್ಲ, ಕಾಯಿಲೆ ಇಲ್ಲ, ಎಪ್ಪತ್ತೆಂಟು ವರ್ಷದ ಹೃದಯ ಇಲ್ಲ. ಅವು ನನ್ನವಲ್ಲ. ನಿಮ್ಮ ವಾಕ್ಯವನ್ನೂ ಹೀಗೇ ಸೋಸಿ. ನಿಮ್ಮ ಕೈ ಮಾಡಿದ್ದು ಎಷ್ಟೋ ಅಷ್ಟನ್ನು ಮಾತ್ರ ಇಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚಿಗೆ ಹೊತ್ತುಕೊಳ್ಳುವುದು ಭಕ್ತಿಯಲ್ಲ. ಕಡಿಮೆ ಹೊರುವುದೂ ಅಲ್ಲ.

ದಿನಾ ಒಂದೇ ಜಾಗ, ಒಂದೇ ಹೊತ್ತು

ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಒಂದು ಸುರಂಗ ಇದೆ. ಕಾಸರಗೋಡಿನ ಕಡೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು ಬಾವಿಯ ಹಾಗೆ ಕೆಳಕ್ಕೆ ಹೋಗುವುದಲ್ಲ, ಮುರಕಲ್ಲಿನ ಗುಡ್ಡದೊಳಗೆ ಅಡ್ಡಕ್ಕೆ ಕೊರೆದದ್ದು. ಬಗ್ಗಿ ಒಬ್ಬ ಮನುಷ್ಯ ಹೋಗುವಷ್ಟು ಜಾಗ. ಒಳಗೆ ಒಸರುವ ನೀರು ಪಂಪು ಇಲ್ಲದೆ ತಾನಾಗಿ ಹೊರಗೆ ಬಂದು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಟಾಂಕಿಗೆ ಬೀಳುತ್ತದೆ. ಅಪ್ಪ ಪ್ರತಿ ಬೇಸಗೆಯಲ್ಲಿ ಒಳಗೆ ಹೋಗಿ ಕೆಸರು ತೆಗೆಯುತ್ತಿದ್ದರು. ಅವರು ಹೋದ ವರ್ಷ ಯಾರೂ ತೆಗೆಯಲಿಲ್ಲ. ನೀರು ಸಣ್ಣದಾಯಿತು.

ಆ ಸುರಂಗದ ಬಾಯಿಯ ಹತ್ತಿರ ಒಂದು ಚಪ್ಪಡಿ ಕಲ್ಲಿದೆ. ನಾನು ಬೆಳಗ್ಗೆ ಅಲ್ಲಿ ಕೂತು ಸಂಧ್ಯಾವಂದನೆ ಮಾಡುತ್ತೇನೆ. ಎಂಟನೇ ವರ್ಷಕ್ಕೆ ಉಪನಯನ ಆದಾಗಿನಿಂದ ಆ ಮಂತ್ರ ಹೇಳುತ್ತಿದ್ದೇನೆ, ಆದರೆ ಒಂದು ದಿನವೂ ಕಿವಿಗೊಟ್ಟು ಕೇಳಿರಲಿಲ್ಲ. ಅಂಗೈಯಲ್ಲಿ ನೀರು ಹಿಡಿದು 'ಸೂರ್ಯಶ್ಚ' ಎಂದು ಶುರುವಾಗುವ ಮಂತ್ರ ಹೇಳಿ ಆ ನೀರು ಕುಡಿಯುತ್ತೇವಲ್ಲ, ಅದರ ಅರ್ಥ ಏನು ಗೊತ್ತಾ? ರಾತ್ರಿ ನಾನು ಮನಸ್ಸಿನಿಂದ, ಮಾತಿನಿಂದ, ಕೈಯಿಂದ, ಕಾಲಿನಿಂದ, ಹೊಟ್ಟೆಯಿಂದ ಮಾಡಿದ ಪಾಪ ಹೋಗಲಿ ಅಂತ. ಸಂಜೆ 'ಅಗ್ನಿಶ್ಚ' ಎಂದು ಶುರುಮಾಡಿ ಹಗಲಿನ ಪಾಪದ ಬಗ್ಗೆ ಇದನ್ನೇ ಹೇಳುತ್ತೇವೆ. ಅಂದರೆ ಹಿರಿಯರು ದಿನಕ್ಕೆ ಎರಡು ಸಲ ತಪ್ಪು ಒಪ್ಪಿಕೊಳ್ಳುವ ಏರ್ಪಾಡು ಮಾಡಿಟ್ಟಿದ್ದಾರೆ. ಮನುಷ್ಯ ತಪ್ಪು ಮಾಡುತ್ತಾನೆ ಎನ್ನುವುದು ಅವರಿಗೆ ಆಶ್ಚರ್ಯದ ಸಂಗತಿ ಆಗಿರಲಿಲ್ಲ. ಇದು ತಿಳಿದ ದಿನ ನಾನು ಆ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಅತ್ತೆ.

ಮಂತ್ರದ ಕೊನೆಯ ಭಾಗ ಇನ್ನೂ ದೊಡ್ಡದು. ಪಾಪವನ್ನು ಮಾತ್ರ ಅಲ್ಲ, ನನ್ನನ್ನೇ ಸೂರ್ಯನ ಬೆಳಕಿನಲ್ಲಿ ಹೋಮ ಮಾಡುತ್ತೇನೆ ಎಂದು ಬರುತ್ತದೆ. ತಪ್ಪನ್ನು ಬೇರೆ ಕಟ್ಟಿ ಒಪ್ಪಿಸುವುದಲ್ಲ, ತಪ್ಪು ಮಾಡಿದವನೇ ಪೂರ್ತಿ ಹೋಗಿ ನಿಲ್ಲುವುದು.

ನಿಮಗೆ ಸಂಧ್ಯಾವಂದನೆ ಇಲ್ಲದಿದ್ದರೆ ಎಂತದೂ ತೊಂದರೆ ಇಲ್ಲ. ನನ್ನ ಹೆಂಡತಿ ಮುಸ್ಸಂಜೆಗೆ ತುಳಸಿಕಟ್ಟೆಯಲ್ಲಿ ದೀಪ ಇಟ್ಟು ಮನೆಮಾತಿನಲ್ಲೇ ಎರಡು ಮಾತು ಹೇಳುತ್ತಾಳೆ. ಅದು ಸಾಕು. ನೀವು ಬರೆದ ವಾಕ್ಯವನ್ನು ಬಾಯಿ ಬಿಟ್ಟು, ಕಿವಿಗೆ ಕೇಳುವ ಹಾಗೆ ಒಮ್ಮೆ ಹೇಳಿ. ಒಮ್ಮೆ ಮಾತ್ರ. ಹತ್ತು ಸಲ ಹೇಳಿದರೆ ಅದು ನಿಮ್ಮನ್ನು ನೀವೇ ಹೊಡೆದುಕೊಂಡ ಹಾಗೆ ಆಗುತ್ತದೆ. ಹೇಳಿದ ಮೇಲೆ ಐದು ನಿಮಿಷ ಸುಮ್ನೆ ಕೂರಿ. ಉತ್ತರ ಬರಬೇಕು ಅಂತ ಕಾಯಬೇಡಿ. ಮತ್ತೆ ಎದ್ದು ಕೆಲಸಕ್ಕೆ ಹೋಗಿ. ಮನಸ್ಸು ಒಪ್ಪದ ದಿನವೂ ಹೋಗಿ ಕೂರಿ. ನನಗೆ ಮೊದಲ ಆರು ತಿಂಗಳು ಅಲ್ಲಿ ನೀರಿನ ಸದ್ದು ಬಿಟ್ಟರೆ ಬೇರೇನೂ ಸಿಗಲಿಲ್ಲ. ಆ ಸದ್ದು ಕೇಳಲಿಕ್ಕಾದರೂ ಹೋಗುತ್ತಿದ್ದೆ.

ಅನಂತಪುರದ ಗುಹೆ

ಕುಂಬಳೆಯ ಹತ್ತಿರದ ಅನಂತಪುರ ದೇವಸ್ಥಾನ ಹಲವರಿಗೆ ಬಬಿಯಾ ಎಂಬ ಮೊಸಳೆಯಿಂದಾಗಿ ಗೊತ್ತು. 2022ರ ಅಕ್ಟೋಬರಿನಲ್ಲಿ ಅದು ಸತ್ತಾಗ ಊರೆಲ್ಲ ಹೋಗಿ ಕೈಮುಗಿದು ಬಂದದ್ದು ನಿಜ. ನಾನು ಅಲ್ಲಿಗೆ ಹೋಗುವುದು ಬೇರೆ ಕಾರಣಕ್ಕೆ. ಕೆರೆಯ ನಡುವೆ ಇರುವ ಗುಡಿಗೆ ಸುತ್ತು ಬಂದು, ಮೂಲೆಯಲ್ಲಿರುವ ಗುಹೆಯ ಕಡೆ ನೋಡುತ್ತಾ ನಿಲ್ಲುತ್ತೇನೆ.

ಅಲ್ಲಿಯ ಕತೆ ಹೀಗೆ. ವಿಲ್ವಮಂಗಲ ಸ್ವಾಮಿಗಳು ಅಲ್ಲಿ ತಪಸ್ಸು ಮಾಡುತ್ತಿದ್ದರು. ಒಬ್ಬ ಹುಡುಗ ಬಂದು ಅವರ ಜೊತೆಗೇ ಉಳಿದು ಸೇವೆ ಮಾಡುತ್ತಿದ್ದ. ಒಂದು ದಿನ ಪೂಜೆಯ ಹೊತ್ತಿಗೆ ಅವನ ತುಂಟತನ ತಡೆಯಲಾರದೆ ಸ್ವಾಮಿಗಳು ಎಡಗೈಯಿಂದ ಅವನನ್ನು ದೂಡಿಬಿಟ್ಟರು. ಹುಡುಗ ಗುಹೆಯೊಳಗೆ ಮಾಯವಾದ. ನನ್ನನ್ನು ನೋಡಬೇಕಾದರೆ ಅನಂತನ ಕಾಡಿಗೆ ಬಾ ಎಂದು ಹೇಳಿ ಹೋದ. ಆಗ ಸ್ವಾಮಿಗಳಿಗೆ ಗೊತ್ತಾಯಿತು, ಇಷ್ಟು ದಿನ ಜೊತೆಗೆ ಇದ್ದದ್ದು ನಾರಾಯಣನೇ ಎಂದು. ಅವರು ಹುಡುಕುತ್ತಾ ಹೊರಟು ಕೊನೆಗೆ ತಲುಪಿದ್ದು ಈಗಿನ ತಿರುವನಂತಪುರಕ್ಕೆ. ಅನಂತಪದ್ಮನಾಭನ ಮೂಲಸ್ಥಾನ ನಮ್ಮ ಅನಂತಪುರವೇ ಎಂದು ಇಲ್ಲಿಯವರು ಹೇಳುವುದು ಇದಕ್ಕೇ.

ಸಣ್ಣವನಿರುವಾಗ ಅಪ್ಪ ಈ ಕತೆ ಹೇಳಿದಾಗ ನನಗೆ ಮೊಸಳೆಯ ಮೇಲೆಯೇ ಕಣ್ಣು. ಈಗ ಆ ಎಡಗೈ ಕಾಣುತ್ತದೆ. ದೂಡಿದ್ದು ಒಂದು ಕ್ಷಣ. ಕೆಲಸದ ನಡುವೆ ಅಡ್ಡ ಬಂದ ಅಂತ, ಅಷ್ಟೇ. ಅದೂ ಪೂಜೆಯ ಕೆಲಸ! ನಾನು ಅಡಿಕೆಯ ಕೆಲಸಕ್ಕೆ ಮಾಡಿದ್ದೂ ಅದನ್ನೇ. ಆದರೆ ಸ್ವಾಮಿಗಳು ಗುಹೆಯ ಬಾಯಲ್ಲಿ ತಲೆ ಚಚ್ಚಿಕೊಳ್ಳುತ್ತಾ ಕೂರಲಿಲ್ಲ. ನಡೆದರು. ಕೇರಳದ ಈ ತುದಿಯಿಂದ ಆ ತುದಿಯ ತನಕ. ಹುಡುಗನೂ ಶಾಪ ಕೊಟ್ಟು ಹೋಗಲಿಲ್ಲ, ವಿಳಾಸ ಕೊಟ್ಟು ಹೋದ.

ನಿಮ್ಮ ಊರಲ್ಲೂ ಇಂಥ ಒಂದು ಕತೆ ಇದ್ದೇ ಇರುತ್ತದೆ. ಗುಡಿಯದ್ದೋ, ದೈವದ್ದೋ, ದರ್ಗಾದ್ದೋ, ಇಗರ್ಜಿಯದ್ದೋ. ಹಿರಿಯರನ್ನು ಕೇಳಿ. ತಪ್ಪು ಮಾಡಿದವರು ಆ ಕತೆಯಲ್ಲಿ ಮುಂದೆ ಎಂತ ಮಾಡಿದರು ಎನ್ನುವುದನ್ನು ಗಮನ ಇಟ್ಟು ಕೇಳಿ.

ಒಬ್ಬ ಮನುಷ್ಯನ ಎದುರೂ ಹೇಳಬೇಕು

ದೇವರಿಗೆ ಹೇಳಿದರೆ ಸಾಕಲ್ವಾ ಎಂದು ನಾನೂ ಅಂದುಕೊಂಡಿದ್ದೆ. ನನ್ನ ಕಣ್ಣು ತೆರೆಸಿದ್ದು ನಾವು ಅಡಿಕೆ ಕೊಡುವ ಅಂಗಡಿಯ ಹಾಜಿಯವರು. ಒಂದು ಮಳೆಗಾಲದ ಮಧ್ಯಾಹ್ನ, ಬದಿಯಡ್ಕದಲ್ಲಿ ಅವರ ಅಂಗಡಿ. ಗೋಣಿ ತೂಕಕ್ಕೆ ಇಟ್ಟು ಕೂತಿದ್ದೆ. "ಭಟ್ರೇ, ಈ ಸಲ ನಿಮ್ಮ ಮುಖ ಹೋದ ವರ್ಷದ್ದೇ ಉಂಟು" ಅಂದರು. ನಾನು ಯಾಕೋ ಎಲ್ಲ ಹೇಳಿಬಿಟ್ಟೆ. ಅವರು ತಕ್ಕಡಿಯ ಕಡೆ ನೋಡುತ್ತಲೇ ಪೂರ್ತಿ ಕೇಳಿದರು. ಮತ್ತೆ ಹೇಳಿದರು, "ನಮ್ಮಲ್ಲಿ ತೌಬಾ ಅಂತ ಇದೆ. ಆ ತಪ್ಪನ್ನು ಬಿಡಬೇಕು, ಅದಕ್ಕೆ ಮನಸ್ಸು ನೋಯಬೇಕು, ಇನ್ನು ಮಾಡುವುದಿಲ್ಲ ಅಂತ ಗಟ್ಟಿ ಮಾಡಬೇಕು. ಆದರೆ ಮನುಷ್ಯರಿಗೆ ಸೇರಬೇಕಾದ್ದು ಏನಾದರೂ ಬಾಕಿ ಇದ್ದರೆ ಅದನ್ನು ಅವರಿಗೇ ಕೊಡಬೇಕು. ನಿಮ್ಮದು ಯಾರಿಗೆ ಬಾಕಿ ಇದೆ ನೋಡಿ."

ಯಾರಿಗೆ ಬಾಕಿ ಇತ್ತು? ಅಕ್ಕನಿಗೆ. ಪುತ್ತೂರಿಗೆ ಕೊಟ್ಟ ಅಕ್ಕ. ಗಡಿ ಮುಚ್ಚಿದ್ದರಿಂದ ಅವಳಿಗೆ ಅಪ್ಪನ ಮುಖ ನೋಡಲು ಆಗಲಿಲ್ಲ. ಉತ್ತರಕ್ರಿಯೆಗೂ ಬರಲಾಗಲಿಲ್ಲ. ಪುರೋಹಿತರೂ ಸೇರಿ ನಾವು ಐದೇ ಜನ ಇದ್ದದ್ದು. ತಪಾಸಣೆ ಮುಂದೆ ಹಾಕಿದ್ದನ್ನು ನಾನು ಅವಳಿಗೆ ಹೇಳಿರಲೇ ಇಲ್ಲ. ಹೇಳಬೇಕಾಗುತ್ತದೆ ಅಂತ ಫೋನು ಮಾಡುವುದನ್ನೇ ಕಡಿಮೆ ಮಾಡಿದ್ದೆ.

ಫೋನಿನಲ್ಲಿ ಬೇಡ ಅಂತ ಬಸ್ಸು ಹತ್ತಿ ಹೋದೆ. ಅಡುಗೆಮನೆಯಲ್ಲಿ ಅವಳು ಹಲಸಿನ ಹಣ್ಣಿನ ಸೊಳೆ ಬಿಡಿಸುತ್ತಿದ್ದಳು, ಕೈಗೆಲ್ಲ ಎಣ್ಣೆ ಹಚ್ಚಿಕೊಂಡು. ನಾನು ನಿಂತೇ ನನ್ನ ವಾಕ್ಯ ಹೇಳಿದೆ. ಬರೆದಿಟ್ಟದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಅರ್ಧದಲ್ಲಿ ಬೇರೆಲ್ಲೋ ಹೋಗುತ್ತಿದ್ದೆ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಒಂದು ಸೊಳೆಯ ಬೇಳೆ ತೆಗೆದು ಬದಿಗಿಟ್ಟಳು, ಮತ್ತೊಂದು ತೆಗೆದಳು. "ಎನಗೆ ಗೊಂತಿತ್ತು" ಅಂದಳು. ಅಪ್ಪನೇ ಫೋನಿನಲ್ಲಿ ಹೇಳಿದ್ದರಂತೆ. ಸಿಟ್ಟು ಬಂದದ್ದು ಅದಕ್ಕಲ್ಲ, ಒಂದು ವರ್ಷ ನೀನು ನನ್ನಿಂದ ಅಡಗಿ ಕೂತದ್ದಕ್ಕೆ ಎಂದು ಹೇಳಿ ಎಣ್ಣೆ ಕೈಯಲ್ಲೇ ಕಣ್ಣು ಒರೆಸಿಕೊಂಡಳು. ಆಮೇಲೆ "ಉಂಡಾತಾ?" ಎಂದು ಕೇಳಿದಳು.

ಎಲ್ಲರ ಮನೆಯಲ್ಲೂ ಹೀಗೆ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಬಾಗಿಲು ಮುಚ್ಚಿಕೊಳ್ಳುವವರೂ ಇರುತ್ತಾರೆ. ಮುಚ್ಚಿಕೊಂಡರೆ ಅದು ಅವರ ಹಕ್ಕು. ಕ್ಷಮಿಸಿ ಎಂದು ಒತ್ತಾಯ ಮಾಡಬೇಡಿ. ನಿಮ್ಮ ಮಾತು ಹೇಳಿ, ಅವರ ಮಾತು ಕೇಳಿ, ಬನ್ನಿ. ಹೇಳುವುದರಿಂದ ಅವರಿಗೇ ಹೊಸ ನೋವು ಆಗುವ ಹಾಗಿದ್ದರೆ ಬೇರೆ ಒಬ್ಬ ನಂಬಿಕೆಯ ಹಿರಿಯರನ್ನು ಹುಡುಕಿ. ಬೇಳದ ನಮ್ಮ ಪರಿಚಯದ ಕ್ರಿಶ್ಚನ್ ಮನೆಯವರು ಇದನ್ನು ಕುಮ್ಸಾರ್ ಅನ್ನುತ್ತಾರೆ. ಪಾದ್ರಿಗಳ ಹತ್ತಿರ ಹೇಳುವುದು, ಅದು ಅಲ್ಲಿಂದ ಹೊರಗೆ ಹೋಗುವುದಿಲ್ಲ. ಅಂಥ ಕಿವಿ ಬೇಕು.

ದೇವರ ಹತ್ತಿರ ಚೌಕಾಸಿ ಬೇಡ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಜೋಯಿಸರ ಹತ್ತಿರ ಪ್ರಶ್ನೆ ಇಡಿಸುವುದು ನಮ್ಮ ಕಡೆಯ ಪದ್ಧತಿ, ನಾನೂ ಇಡಿಸಿದವನೇ. ಹರಕೆ ಹೇಳುವುದೂ ತಪ್ಪಲ್ಲ. ಮಧೂರಿನ ಗಣಪತಿಗೆ ಅಪ್ಪದ ನೈವೇದ್ಯದ ಸೇವೆ ಮಾಡಿಸಿ, ಆನೆಯ ಬೆನ್ನಿನ ಹಾಗೆ ಗುಂಡಗಿರುವ ಆ ಗರ್ಭಗುಡಿಗೆ ಸುತ್ತು ಬಂದರೆ ನನ್ನ ಮನಸ್ಸು ಈಗಲೂ ಹಗುರಾಗುತ್ತದೆ. ಆದರೆ ಇಷ್ಟು ಖರ್ಚು ಮಾಡಿದೆ, ಇನ್ನು ನನಗೆ ನಿದ್ದೆ ಬರಬೇಕು ಎಂದು ಲೆಕ್ಕ ಹಾಕಿದ ದಿನ ಸೇವೆ ಹೋಗಿ ವ್ಯಾಪಾರ ಆಗುತ್ತದೆ. ನಿಮ್ಮ ನೋವು ನೋಡಿ ಹೆದರಿಸುವವರು ಸಿಕ್ಕರೆ, ದೊಡ್ಡ ದೋಷ ಇದೆ, ಸಾಲ ಮಾಡಿಯಾದರೂ ಪರಿಹಾರ ಮಾಡಿಸಿ ಅಂದರೆ, ಎದ್ದು ಬನ್ನಿ. ಅಂಥ ಒಬ್ಬರು ನನಗೂ ಸಿಕ್ಕಿದ್ದರು. ಅಡಿಕೆಯ ಒಂದು ವರ್ಷದ ಹಣ ಹೋಯಿತು. ಭಯ ಮಾತ್ರ ಹೋಗಲಿಲ್ಲ.

ಕೈಗೆ ಒಂದು ಕೆಲಸ ಕೊಡಿ

ಕೆಲಸ ಆದಷ್ಟೂ ನಿಮ್ಮ ತಪ್ಪಿನ ಪಕ್ಕದ್ದೇ ಆಗಿರಲಿ. ತಾಯಿಯ ಹತ್ತಿರ ಒರಟಾಗಿ ಮಾತಾಡಿದವರು ಗೋಶಾಲೆಗೆ ಹುಲ್ಲು ಕೊಟ್ಟರೆ ಅದು ಒಳ್ಳೆಯ ಕೆಲಸವೇ. ಆದರೆ ಪಕ್ಕದ ಮನೆಯ ಅಜ್ಜಿಯ ಹತ್ತಿರ ವಾರಕ್ಕೊಮ್ಮೆ ಕೂತು ಅವರ ಹಳೇ ಕತೆ ಕೇಳಿದರೆ ಅದು ತಪ್ಪಿನ ಬುಡಕ್ಕೇ ಹೋಗುತ್ತದೆ.

ನನ್ನದು ಗುರುವಾರ. 2021ರ ಕೊನೆಯಿಂದ ಗುರುವಾರ ನಾನು ತೋಟದ ಕೆಲಸ ಇಟ್ಟುಕೊಳ್ಳುವುದಿಲ್ಲ. ನಮ್ಮ ಸುತ್ತಮುತ್ತ ಮಕ್ಕಳು ಬೆಂಗಳೂರಲ್ಲೋ ಗಲ್ಫಲ್ಲೋ ಇರುವ ಮನೆಗಳು ಜಾಸ್ತಿ. ಅಲ್ಲಿಯ ವಯಸ್ಸಾದವರನ್ನು ನನ್ನ ಹಳೇ ಓಮ್ನಿಯಲ್ಲಿ ಮಂಗಳೂರಿಗೆ ಕರೆದುಕೊಂಡು ಹೋಗುತ್ತೇನೆ. ಹೋಗಲಿಕ್ಕೆ 50 ಕಿಲೋಮೀಟರಿನ ಮೇಲೆ. ಹಣ ಇದ್ದವರು ಪೆಟ್ರೋಲಿಗೆ ಕೊಡುತ್ತಾರೆ, ಇಲ್ಲದವರು ಕೊಡುವುದಿಲ್ಲ. ಮೊದಲ ಸಲ ತಲಪಾಡಿ ದಾಟುವಾಗ ನನ್ನ ಕೈ ಸ್ಟಿಯರಿಂಗಿನ ಮೇಲೆ ನಡುಗಿತು. ಹಿಂದಿನ ಸೀಟಿನ ಅಜ್ಜಿಗೆ ಗೊತ್ತಾಗಬಾರದು ಅಂತ ರೇಡಿಯೋ ಹಾಕಿದೆ.

ಇದರಿಂದ ಅಪ್ಪನ ಲೆಕ್ಕ ತೀರಿತು ಅಂತ ನಾನು ಅಂದುಕೊಂಡಿಲ್ಲ. ತೀರುವ ಲೆಕ್ಕವೂ ಅಲ್ಲ ಅದು. ಆದರೆ ಗುರುವಾರ ರಾತ್ರಿ ನನಗೆ ನಿದ್ದೆ ಬರುತ್ತದೆ. ಬೆಳಗ್ಗೆ ಕಲ್ಲಿನ ಮೇಲೆ ಕೂತು ನನ್ನ ವಾಕ್ಯ ಹೇಳುವಾಗ ಸ್ವರ ಒಡೆಯುವುದಿಲ್ಲ. ಸುರಂಗದ ಕೆಸರನ್ನೂ ಈಗ ನಾನೇ ತೆಗೆಯುತ್ತೇನೆ, ತಲೆಗೆ ಟಾರ್ಚು ಕಟ್ಟಿಕೊಂಡು. ಒಳಗಿನ ಗೋಡೆಯಲ್ಲಿ ಒಂದು ಕಡೆ ದೀಪ ಇಡಲು ಕೊರೆದ ಸಣ್ಣ ಗೂಡಿದೆ, ಹೊಗೆಯಿಂದ ಕಪ್ಪಾಗಿದೆ. ಅಪ್ಪ ಅಲ್ಲಿ ದೀಪ ಇಟ್ಟು ಕೆಲಸ ಮಾಡುತ್ತಿದ್ದರು. ಕೈ ತಾಗಿಸಿದರೆ ಬೆರಳಿಗೆ ಮಸಿ ಹತ್ತುತ್ತದೆ.

ಪ್ರಾರ್ಥನೆಯಿಂದ ಆಗದಿದ್ದಾಗ

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕುವುದೇ ಬೇಡ ಅನ್ನಿಸುತ್ತದೆ ಅಂತಾದರೆ ಡಾಕ್ಟರ ಹತ್ತಿರ ಹೋಗಿ. ಕಾಯಬೇಡಿ. ಭಕ್ತಿ ಕಡಿಮೆಯಾಗಿ ಹೀಗಾಯಿತು ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. 14416 ಸರಕಾರದ ಟೆಲಿ ಮಾನಸ್ ನಂಬರು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ. ನಾನು ಎಂಟು ತಿಂಗಳು ಮಾತ್ರೆ ತೆಗೆದುಕೊಂಡಿದ್ದೇನೆ. ಬೆಳಗ್ಗೆ ಸಂಧ್ಯಾವಂದನೆ, ರಾತ್ರಿ ಮಾತ್ರೆ. ಎರಡಕ್ಕೂ ಒಂದಕ್ಕೊಂದು ಜಗಳ ಇರಲಿಲ್ಲ. ದೇಹಕ್ಕೆ ಮದ್ದು ಬೇಕಾದಾಗ ಮುಂದೆ ಹಾಕಬಾರದು ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ?

ವರ್ಷದ ದಿನ

ಹೋದವರ ತಿಥಿ ಬರುವಾಗ ಎಲ್ಲವೂ ಒಮ್ಮೆ ಮರಳಿ ಬರುತ್ತದೆ. ಅದಕ್ಕೆ ಮೊದಲೇ ತಯಾರಾಗಿರಿ. ಅಪ್ಪನದು ಚೈತ್ರ ಶುದ್ಧ ದಶಮಿ, ರಾಮನವಮಿಯ ಮರುದಿನ. ಹಾಗಾಗಿ ನವಮಿಯ ಪಾನಕದ ಏಲಕ್ಕಿ ಪರಿಮಳ ಬಂದ ಕೂಡಲೇ ನನ್ನ ಎದೆ ಹಿಡಿದುಕೊಳ್ಳುತ್ತದೆ. ಮೊದಲೆರಡು ವರ್ಷ ಪಾನಕ ಮಾಡುವುದೇ ಬೇಡ ಅಂದಿದ್ದೆ. ಈಗ ಮಾಡುತ್ತೇವೆ. ಅರ್ಧ ಲೋಟ ದೇವರ ಮುಂದೆ ಇಡುತ್ತೇನೆ, ಉಳಿದದ್ದನ್ನು ಕುಡಿಯುತ್ತೇನೆ. ಮರುದಿನ ಅಕ್ಕ ಪುತ್ತೂರಿಂದ ಬರುತ್ತಾಳೆ. ಎಳ್ಳುನೀರು ಬಿಡುವಾಗ ಅಪ್ಪನ ಹೆಸರು, ಗೋತ್ರ ಹೇಳುತ್ತೇನೆ. ಆ ಹೊತ್ತಿಗೆ ನನ್ನ ವಾಕ್ಯ ಹೇಳುವುದಿಲ್ಲ. ಅದು ಅವರ ದಿನ, ನನ್ನ ತಪ್ಪಿನ ದಿನ ಅಲ್ಲ. ಊಟ ಆದ ಮೇಲೆ ಜಗಲಿಯಲ್ಲಿ ಕೂತು ಅಕ್ಕನೂ ನಾನೂ ಅಪ್ಪನ ಬೇರೆ ಸಂಗತಿಗಳನ್ನು ಮಾತಾಡುತ್ತೇವೆ. ಮದ್ದು ಬಿಡಲು ಅಡಿಕೆ ಮರ ಹತ್ತುತ್ತಿದ್ದದ್ದು, ಯಕ್ಷಗಾನ ನೋಡಲು ಕಾಲುದಾರಿಯಲ್ಲಿ ತೆಂಗಿನ ಗರಿಯ ಸೂಟೆ ಉರಿಸಿ ಹಿಡಿದು ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದದ್ದು. ಎಪ್ಪತ್ತೆಂಟು ವರ್ಷದಲ್ಲಿ ಆ ಒಂದು ಗುರುವಾರ ಬಿಟ್ಟು ಎಷ್ಟೊಂದು ದಿನಗಳಿದ್ದವು.

ಇದನ್ನು ಬರೆಯುತ್ತಿರುವಾಗ ಮೇಲಿನ ಮನೆಯ ಅಕ್ಕ ಫೋನು ಮಾಡಿದರು. ಅವರ ಯಜಮಾನರಿಗೆ ನಾಡಿದ್ದು ಗುರುವಾರ ಹತ್ತು ಗಂಟೆಗೆ ಡಾಕ್ಟರ ಹತ್ತಿರ ಸಮಯ ಸಿಕ್ಕಿದೆಯಂತೆ. ಆರೂವರೆಗೆ ಹೊರಟರೆ ಆರಾಮವಾಗಿ ತಲುಪಬಹುದು. ಹಳೇ ರಿಪೋರ್ಟುಗಳನ್ನೆಲ್ಲ ಒಂದೇ ಫೈಲಿಗೆ ಹಾಕಿಡಲು ಹೇಳಿದ್ದೇನೆ.